ಹೈದರಾಬಾದಿಗಿ ಮೂಸಿ ಹೊಳಿ ಬಂದಾಗ



ಈ ಸಲ ಅಡಗಿ ಮಾತಿಲ್ಲ, ಹಬ್ಬದ ಮಾತಿಲ್ಲ. ಒಂದು ಹಳೇ ಇತಿಹಾಸ ಬರೀಲಿಕತ್ತೀನಿ. ಸ್ವಲ್ಪ ಉದ್ದ ಅದ, ಮಧ್ಯಾಹ್ನ ಕೆಲಸ ಮುಗದ ಮ್ಯಾಲ ಕುಂತು ಓದ್ರಿ.

1908ನೇ ಇಸವಿ, ಸಪ್ಟೆಂಬರ್ 28, ಸೋಮವಾರ. ಹೈದರಾಬಾದದಾಗ ಮೂಸಿ ಹೊಳಿ ಬಂತು. ಸತ್ತವರ ಲೆಕ್ಕ ಒಬ್ಬೊಬ್ಬರು ಒಂದೊಂದು ಹೇಳ್ತಾರ. ಸುಮಾರು 15,000 ಮಂದಿ ಅನ್ನೋದು ಭಾಳ ಕಡೆ ಬರ್ತದ. 19,000 ಮನಿ ಬಿದ್ದವು. 80,000 ಮಂದಿಗಿ ತಲಿ ಮ್ಯಾಲ ಸೂರು ಇಲ್ಲದಂಗ ಆಯ್ತು. ಅಲ್ಲಿನ ಹಳೇ ಮಂದಿ ಈಗೂ ಅದಕ್ಕ ‘ತುಗ್ಯಾನಿ ಸಿತಂಬರ್’ ಅಂತಾರ. ತುಗ್ಯಾನಿ ಅಂದ್ರ ಉರ್ದು ಭಾಷಾದಾಗ ಮಹಾಪೂರ.

ಹೈದರಾಬಾದಿನ ಹೊಳಿ ಕಥಿ ಕಲಬುರಗಿಯವರಿಗಿ ಯಾಕ ಅಂತ ಕೇಳಬ್ಯಾಡ್ರಿ. ಆವಾಗ ಕಲಬುರಗಿ, ಬೀದರ, ರಾಯಚೂರು ಎಲ್ಲಾ ನಿಜಾಮರ ಕೈಯಾಗೇ ಇದ್ದವು. 1956ರ ತನಕ ಅದೇ ನಮ್ಮ ರಾಜಧಾನಿ. 1956ರಾಗ ನಾವು ಮೈಸೂರು ರಾಜ್ಯಕ್ಕ ಸೇರಿದ್ರೂ ಮಕ್ಕಳ ಓದು, ದೊಡ್ಡ ದವಾಖಾನಿ, ಮದವಿ ಜವಳಿ, ನೌಕರಿ ಎಲ್ಲಾದಕ್ಕೂ ನಾವು ಇನ್ನಾ ಅಲ್ಲಿಗೇ ಓಡ್ತೀವಿ. ನಮ್ಮ ಗಲ್ಲಿಯಾಗ ಹೈದರಾಬಾದಿನಾಗ ಒಬ್ಬರಾದರೂ ಇಲ್ಲದ ಮನಿ ತೋರಸ್ರಿ ನೋಡೋಣು.

ಇನ್ನೊಂದು ಸಂಬಂಧಾನೂ ಅದ. ವಾಡಿಯಿಂದ ರೈಲಿನಾಗ ಹೋಗುವಾಗ ಸೇಡಂ, ತಾಂಡೂರ ದಾಟಿದ ಮ್ಯಾಲ ವಿಕಾರಾಬಾದ ಬರ್ತದಲ್ಲ, ಅದರ ಬಾಜೂಕ ಅನಂತಗಿರಿ ಗುಡ್ಡ ಅವ. ಮೂಸಿ ಹುಟ್ಟೋದು ಅಲ್ಲೇ. ನಮ್ಮ ಕಾಗಿಣಾ ಹುಟ್ಟೋದೂ ಅದೇ ಗುಡ್ಡದ ಸೀಮಿಯಾಗ. ಪಡುವಣಕ್ಕ ಇಳದ ನೀರು ಕಾಗಿಣಾ ಆಗಿ ಮಳಖೇಡದ ಕೋಟಿ ಮುಂದ ಹಾದು ಭೀಮಾ ಸೇರ್ತದ. ಮೂಡಣಕ್ಕ ಇಳದ ನೀರು ಮೂಸಿ ಆಗಿ ಹೈದರಾಬಾದಿನ ನಡುವ ಹರೀತದ. ಎರಡೂ ಕಡಿಗಿ ಹೋಗಿ ಮುಟ್ಟೋದು ಕೃಷ್ಣಾಕ್ಕೇ. ಒಂದೇ ತವರಿನ ಹೆಣ್ಣಮಕ್ಕಳನ್ನ ಎರಡು ಊರಿಗಿ ಕೊಟ್ಟಂಗ.

ಈಗ ಆ ಮಳಿ ಹ್ಯಾಂಗ ಬಂತು ಹೇಳ್ತೀನಿ. ಮುಂಗಾರು ಮುಗೀಲಿಕ್ಕ ಬಂದಾಗ, ಸಪ್ಟೆಂಬರ್ ಅಕ್ಟೋಬರ್ ಹೊತ್ತಿಗಿ, ಬಂಗಾಳ ಕೊಲ್ಲಿಯಾಗ ವಾಯುಭಾರ ಕುಸಿತ ಆಗ್ತದ, ಒಮ್ಮೊಮ್ಮೆ ತೂಫಾನೇ ಏಳ್ತದ. ಟಿವಿಯಾಗ ದಿನಾ ಕೇಳ್ತೀರಿ. ಅದು ಆಂಧ್ರದ ದಂಡಿ ದಾಟಿ ಭೂಮಿ ಮ್ಯಾಲ ಬಂದ ಮ್ಯಾಲ ಗಾಳಿ ಜೋರು ಕಡಿಮಿ ಆಗ್ತದ, ಖರೇ ಹೊಟ್ಟಿಯಾಗ ನೀರು ತುಂಬಿಕೊಂಡೇ ಇರ್ತದ. ಆ ನೀರು ಒಳನಾಡಿನಾಗ ಬಂದು ಸುರೀತದ. 1908ರಾಗ ಆಗಿದ್ದೂ ಇದೇ. ಸಮುದ್ರದಿಂದ ಅಷ್ಟು ದೂರದ ಊರು, ಸಮುದ್ರದ ತೂಫಾನಿನಿಂದ ಮುಳುಗಿತು.

ಹೈದರಾಬಾದಿನ ಹತ್ತಿರ ಶಂಶಾಬಾದ, ಅಂದ್ರ ಈಗ ವಿಮಾನ ಇಳಿಯೋ ಜಾಗಾ, ಅಲ್ಲಿ 24 ತಾಸಿನಾಗ 12.8 ಇಂಚು ಮಳಿ ಅಳದಾರ. ಈಗಿನ ಲೆಕ್ಕದಾಗ 325 ಮಿಲಿಮೀಟರ್. ನಮ್ಮ ಕಡೆ ಇಡೀ ವರ್ಷ ಬೀಳೋ ಮಳಿಯ ಮೂರರಾಗ ಒಂದು ಪಾಲಿಗಿಂತ ಜಾಸ್ತಿ, ಒಂದೇ ದಿನದಾಗ!

ಬರೇ ಮಳಿ ಆಗಿದ್ರ ಅಷ್ಟು ಮಂದಿ ಸಾಯ್ತಿರಲಿಲ್ಲ. ಅದರ ಹಿಂದ ಇನ್ನೊಂದು ಕಾರಣ ಇತ್ತು, ಅದು ಕೆರಿ. ಹೈದರಾಬಾದಿನ ಮ್ಯಾಲಿನ ಸೀಮಿ, ಮೂಸಿಗಿ ನೀರು ಹರದು ಬರೋ ನೆಲ, ಒಟ್ಟು 862 ಚದರ ಮೈಲಿ. ಅದರಾಗ 788 ಕೆರಿ ಇದ್ದವು. ಹೆಚ್ಚುಕಡಿಮಿ ಮೈಲಿಗೊಂದು ಕೆರಿ. ಮಳಿ ಕಡಿಮಿ ಇರೋ ಸೀಮಿಯಾಗ ಹಿರೇರು ಬೇಸಾಯಕ್ಕ ಕಟ್ಟಿದ್ದು. ಮ್ಯಾಲಿನ ಕೆರಿ ತುಂಬಿ ಕೋಡಿ ಬಿದ್ರ ಕೆಳಗಿನ ಕೆರಿಗಿ ನೀರು, ಅದು ತುಂಬಿದ್ರ ಅದರ ಕೆಳಗಿನದಕ್ಕ. ಸರದ ಮಣಿ ಪೋಣಿಸಿದಂಗ. ಇಂಥಾ ಛಲೋ ಏರ್ಪಾಡೇ ಆ ರಾತ್ರಿ ಮೃತ್ಯು ಆಯ್ತು. ಎಲ್ಲಾ ಕೆರಿ ಮೊದಲೇ ತುಂಬಿ ನಿಂತಿರುವಾಗ ಮ್ಯಾಲಿನ ಒಂದು ಕೆರಿ ಕಟ್ಟಿ ಒಡದ್ರ ಅದರ ನೀರೆಲ್ಲಾ ಒಂದೇ ಸಲ ಕೆಳಗಿನ ಕೆರಿ ಮ್ಯಾಲ ಬೀಳ್ತದ. ಮಣ್ಣಿನ ಕಟ್ಟಿ ಮ್ಯಾಲ ನೀರು ಹತ್ತಿ ಹರೀಲಿಕ್ಕ ಶುರು ಆದ್ರ ಅದು ತಡಕೊಳ್ಳೋದಿಲ್ಲ. ಅದೂ ಒಡೀತದ. ಹಿಂಗ ಒಂದರ ಹಿಂದ ಒಂದು 221 ಕೆರಿ ಒಡದವು.

ಆ ನೀರೆಲ್ಲಾ ಕೂಡಿ ಮೂಸಿಯಾಗ ಬಂದಿದ್ದು ಸೆಕೆಂಡಿಗಿ 4,25,000 ಘನ ಅಡಿ. ಕ್ಯೂಸೆಕ್ ಅಂತಾರಲ್ಲ, ಅದೇ. ಇದು ನಮ್ಮಂಥವರಿಗಿ ತಿಳಿಯೋದಿಲ್ಲ ಅಂತ ನಾನು ಮಗನ ಕೈಲಿ ಲೆಕ್ಕ ಹಾಕಸಿದೆ. ಬ್ಯಾಸಗಿಯಾಗ ಗಲ್ಲಿಗಿ ನೀರಿನ ಟ್ಯಾಂಕರ್ ಬರ್ತದಲ್ಲ, 12,000 ಲೀಟರಿನ ದೊಡ್ಡದು, ಅಂಥಾವು 1,000 ಟ್ಯಾಂಕರ್ ಒಂದೊಂದು ಸೆಕೆಂಡಿಗೂ ಊರೊಳಗ ಖಾಲಿ ಮಾಡಿದಂಗ. ಕಣ್ಣು ಮುಚ್ಚಿ ತೆಗಿಯೋದ್ರಾಗ ಸಾವಿರ ಟ್ಯಾಂಕರ್.

ರವಿವಾರ ರಾತ್ರಿ ಮಂದಿ ಮಲಗ್ಯಾರ, ಮಳಿ ಸುರೀಲಿಕತ್ತದ. ಮಳಿ ಸಪ್ಪಳ ಯಾರಿಗೂ ಹೊಸದಲ್ಲ. ನಸುಕಿನಾಗ ಹೊಳಿ ಏರಿ ದಂಡಿ ದಾಟಿ ಗಲ್ಲಿಯೊಳಗ ಬಂತು. ಕೆರಿ ಒಡದ ನೀರು ಮಳಿ ನೀರಿನಂಗ ಸಾವಕಾಶ ಏರೋದಿಲ್ಲ, ಗೋಡಿ ನಿಂತು ನಡದು ಬಂದಂಗ ಬರ್ತದ. ಮಣ್ಣಿನ ಗೋಡಿ ಮನಿಗೋಳು ನೆನದು ಕುಸದವು. ಹೊಳಿ ಬಾಜೂಕ ಕೋಲ್ಸಾವಾಡಿ ಅಂತ ಒಂದು ವಸ್ತಿ ಇತ್ತು, ಪೂರಾ ಕೊಚ್ಚಿ ಹೋಯ್ತು. ಅಫಜಲ ಪುಲ್, ಮುಸಲ್ಲಂ ಜಂಗ್ ಪುಲ್, ಚಾದರಘಾಟ್ ಪುಲ್, ಮೂರೂ ಹೋದವು. ಉಳದಿದ್ದು 1578ರಾಗ ಕುತುಬಶಾಹಿ ಕಾಲಕ್ಕ ಕಟ್ಟಿದ ಪುರಾನಾ ಪುಲ್ ಒಂದೇ. ಅದಕ್ಕೂ ಪೆಟ್ಟು ಬಿದ್ದಿತ್ತು, ಖರೇ ನಿಂತಿತ್ತು. ಆ ದಂಡಿ ಮಂದಿ ಆ ದಂಡಿಗಿ, ಈ ದಂಡಿ ಮಂದಿ ಈ ದಂಡಿಗಿ. ನಡುವ ಹೊಳಿ.

ಸತ್ತವರ ಹೆಸರು ಯಾವ ಪುಸ್ತಕದಾಗ ಸಿಗ್ತಾವ ಹೇಳ್ರಿ. ಸಾವಿರ ಅಂದ್ರ ಮನಸಿಗಿ ಹತ್ತೋದಿಲ್ಲ. ಅದಕ್ಕ ಒಂದೇ ಮನಿ ಕಥಿ ಹೇಳ್ತೀನಿ. ಅಮಜದ್ ಹೈದರಾಬಾದಿ ಅಂತ ಉರ್ದುದಾಗ ದೊಡ್ಡ ಕವಿ. ರುಬಾಯಿ ಅಂದ್ರ ನಾಲ್ಕು ಸಾಲಿನ ಪದ್ಯ ಬರಿಯೋದ್ರಾಗ ಅವರ ಹೆಸರು ಭಾಳ ದೊಡ್ಡದು. ಆ ಹೊಳಿಯಾಗ ಅವರ ತಾಯಿ, ಹೆಂಡತಿ, ಮಗಳು ಮೂವರೂ ಹೋದರು. ಮನಿಯಾಗ ಉಳದವರು ಅವರೊಬ್ಬರೇ. ಮುಂದ ಅವರು ಬಾಳಿದ್ದು, ಬರದಿದ್ದು, ಹೆಸರು ಮಾಡಿದ್ದು ಎಲ್ಲಾ ಅದರ ಮ್ಯಾಲ. ಒಂದು ಮನಿಯಾಗ ಮೂರು ತಲಿಮಾರಿನ ಹೆಣ್ಣಮಕ್ಕಳು ಒಂದೇ ಮುಂಜಾನಿ ಇಲ್ಲದಂಗ ಆಗೋದು ಅಂದ್ರ ಏನು, ನಮಗ ಯಾರೂ ತಿಳಿಸಿ ಹೇಳಬೇಕಾಗಿಲ್ಲ.

ಬದುಕಿದವರದೂ ಒಂದು ಕಥಿ ಅದ. ಅಫಜಲಗಂಜ್ ದವಾಖಾನಿ ಅಂಗಳದಾಗ ಒಂದು ದೊಡ್ಡ ಹುಣಸಿ ಗಿಡ ಇತ್ತು. ನೀರು ಏರಿದಾಗ ಮಂದಿ ಅದನ್ನ ಹತ್ತಿ ಕೊಂಬಿ ಹಿಡಕೊಂಡು ಕುಂತರು. ಆ ಒಂದೇ ಗಿಡ 150 ಮಂದಿ ಜೀವ ಉಳಿಸಿತು. ಆ ಗಿಡ ಇನ್ನೂ ಅದ! ಉಸ್ಮಾನಿಯಾ ದವಾಖಾನಿ ಆವರಣದಾಗ ನಿಂತದ. ಪ್ರತಿ ವರ್ಷ ಸಪ್ಟೆಂಬರ್ 28ಕ್ಕ ಅದರ ಕೆಳಗ ಮಂದಿ ಕೂಡಿ ಸತ್ತವರನ್ನ ನೆನಸ್ತಾರ. ಇನ್ನ ಮ್ಯಾಲ ಯಾರನ್ನಾದರೂ ತೋರಿಸಲಿಕ್ಕ ಉಸ್ಮಾನಿಯಾಕ್ಕ ಹೋದ್ರ ಆ ಗಿಡಕ್ಕ ಒಂದು ಸಲ ಕೈ ಮುಗದು ಬರ್ರಿ.

ಆವಾಗ ನಿಜಾಮ ಆರನೇಯವರು, ಮೀರ್ ಮಹಬೂಬ್ ಅಲಿ ಖಾನ್. ಮಂದಿಗಿ ಅರಮನಿ ಬಾಗಿಲು ತೆರೆಸಿದರು, ಅನ್ನದ ಒಲಿ ಹಚ್ಚಿಸಿದರು. ಅವರ ಬಗ್ಗೆ ಹೈದರಾಬಾದಿನಾಗ ಒಂದು ಮಾತು ಹೇಳ್ತಾರ. ಹೊಳಿ ಇಳೀಲಿ ಅಂತ ಅವರೇ ಮೂಸಿ ದಂಡಿಗಿ ಹೋಗಿ ಸೀರಿ, ಕುಂಕುಮ, ಮುತ್ತು ಅರ್ಪಿಸಿ ಆರತಿ ಬೆಳಗಿದರಂತ. ಮುಸಲ್ಮಾನ ರಾಜ ಹೊಳಿಗಿ ಉಡಿ ತುಂಬಿದ! ನಾವು ಗಂಗವ್ವಗ ಉಡಿ ತುಂಬೋದು ಹ್ಯಾಂಗೋ ಹಂಗ. ಇದು ಮಂದಿ ಬಾಯಾಗಿನ ಕಥಿ, ಹಂಗೇ ಕೇಳ್ರಿ. ಖರೇ ನೂರು ವರ್ಷ ಆದ್ರೂ ಹಿಂದೂ ಮುಸಲ್ಮಾನ ಇಬ್ಬರೂ ಇದನ್ನ ಪ್ರೀತಿಲೇ ಹೇಳ್ತಾರ ಅನ್ನೋದು ದೊಡ್ಡದು.

ಸರೋಜಿನಿ ನಾಯ್ಡು ಹೆಸರು ಸಾಲಿಯಾಗ ಎಲ್ಲರೂ ಓದೀವಿ. ಅವರು ಹೈದರಾಬಾದಿನವರೇ. ಈ ಮಹಾಪೂರದಾಗ ನಿರಾಶ್ರಿತರಿಗಿ ಮಾಡಿದ ಕೆಲಸಕ್ಕ ಇಂಗ್ಲೀಷ್ ಸರಕಾರ ಅವರಿಗಿ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. ಮುಂದ 1919ರಾಗ ಜಲಿಯನವಾಲಾ ಬಾಗ್ ಆದ ಮ್ಯಾಲ ಆ ಪದಕ ವಾಪಸ್ ಕೊಟ್ಟರು. ಪದಕ ವಾಪಸ್ ಹೋಯ್ತು, ಮಾಡಿದ ಕೆಲಸ ಉಳೀತು.

ಇನ್ನ ಕಥಿಯಾಗ ನಮ್ಮ ಕನ್ನಡದವರು ಬರ್ತಾರ. ಊರು ಮತ್ತ ಹಿಂಗ ಮುಳುಗಬಾರದು ಅಂತ ನಿಜಾಮ ಸರಕಾರ ಒಬ್ಬ ಇಂಜಿನಿಯರ್ ಹುಡುಕಿತು. ಮುಂಬೈ ಸರಕಾರದ ನೌಕರಿ ಬಿಟ್ಟು ಪರದೇಶ ಪ್ರವಾಸದಾಗ ಇದ್ದ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರಿಗಿ ಬುಲಾವ್ ಹೋಯ್ತು. 1909ರ ಏಪ್ರಿಲ್‌ದಾಗ ಅವರು ಹೈದರಾಬಾದಿಗಿ ಬಂದರು. ಅದೇ ಅಕ್ಟೋಬರ್ 1ಕ್ಕ ವರದಿ ಕೊಟ್ಟರು. ನವೆಂಬರದಾಗ ಮೈಸೂರಿಗಿ ಚೀಫ್ ಇಂಜಿನಿಯರ್ ಆಗಿ ಹೋದರು. ಕನ್ನಂಬಾಡಿ ಕಟ್ಟಿ ಕಥಿ ಆಮ್ಯಾಲಿಂದು. ಅದಕ್ಕಿಂತ ಮೊದಲೇ ಅವರು ಹೈದರಾಬಾದ ಉಳಿಸೋ ದಾರಿ ಬರದು ಕೊಟ್ಟಿದ್ದರು. ಮ್ಯಾಲ ಬರದ ಮಳಿ ಲೆಕ್ಕ, ಕೆರಿ ಲೆಕ್ಕ ಎಲ್ಲಾ ಅವರು ಕೂಡಿಸಿದ್ದೇ.

ಅವರು ಹೇಳಿದ್ದು ಇಷ್ಟು. ಊರೊಳಗ ಬರೇ ಗೋಡಿ ಕಟ್ಟಿದ್ರ ಸಾಲೋದಿಲ್ಲ, ನೀರನ್ನ ಊರಿಗಿ ಬರೋಕಿಂತ ಮೊದಲೇ ತಡೀಬೇಕು. ಮೂಸಿಗಿ ಒಂದು, ಅದಕ್ಕ ಕೂಡೋ ಈಸಿ ಅನ್ನೋ ಹಳ್ಳಕ್ಕ ಒಂದು, ಹಿಂಗ ಊರಿನ ಮ್ಯಾಲ ಎರಡು ದೊಡ್ಡ ಜಲಾಶಯ ಕಟ್ಟಬೇಕು. ಅದರಾಗ ಕುಡಿಯೋ ನೀರಿಗಿ ಒಂದಷ್ಟು ಇಟಕೊಂಡು ಮ್ಯಾಲಿನ ಜಾಗಾ ಖಾಲಿ ಬಿಡಬೇಕು. ಮಹಾಪೂರ ಬಂದಾಗ ಆ ಖಾಲಿ ಜಾಗದಾಗ ನೀರು ನಿಂತು ಸಾವಕಾಶ ಇಳಿಯೋಹಂಗ ಬಿಡಬೇಕು.

ಇದರಾಗ ನನಗ ಭಾಳ ಹಿಡಿಸಿದ್ದು ಆ ಖಾಲಿ ಜಾಗದ ಮಾತು. ನಾವು ಹಾಲು ಕಾಸಲಿಕ್ಕ ಇಡುವಾಗ ಬೋಗಾಣಿ ಕಂಠದ ತನಕ ತುಂಬೋದಿಲ್ಲ, ನಾಲ್ಕು ಬೆರಳು ಜಾಗಾ ಬಿಡ್ತೀವಿ. ಹಾಲು ಉಕ್ಕೇ ಉಕ್ಕತದ ಅಂತ ಗೊತ್ತಿರ್ತದ. ಆ ನಾಲ್ಕು ಬೆರಳು ಜಾಗಾ ವ್ಯರ್ಥ ಅಂತ ಯಾರೂ ಅನ್ನೋದಿಲ್ಲ.

1911ರಾಗ ಮಹಬೂಬ್ ಅಲಿ ಖಾನ್ ತೀರಿಕೊಂಡರು. ಮಗ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಾಗ ಕೆಲಸ ಆಯ್ತು. ಮೂಸಿ ಮ್ಯಾಲಿನ ಉಸ್ಮಾನ್ ಸಾಗರ 1920ರಾಗ ಮುಗೀತು. ಗಂಡಿಪೇಟ ಅಂತಾರಲ್ಲ, ಅದೇ. ಈಸಿ ಮ್ಯಾಲಿನ ಹಿಮಾಯತ್ ಸಾಗರ 1927ರಾಗ. ಅದಕ್ಕ ಮಗನ ಹೆಸರು ಇಟ್ಟರು. 1912ರಾಗ ನಗರ ಸುಧಾರಣಾ ಮಂಡಳಿ ಆಯ್ತು, ಹೊಳಿ ದಂಡಿಗಿ ಕಟ್ಟಿ, ತೋಟ, ರಸ್ತಾ ಆದವು. ಹೊಲಸು ನೀರು ಹೋಗಲಿಕ್ಕ ಒಳಚರಂಡಿ ಯೋಜನಾನೂ ವಿಶ್ವೇಶ್ವರಯ್ಯನವರೇ ಮಾಡಿದರು. 1908ರಷ್ಟು ದೊಡ್ಡ ಅನಾಹುತ ಹೈದರಾಬಾದಿಗಿ ಮತ್ತ ಬಂದಿಲ್ಲ. ಮ್ಯಾಲ ಹೇಳಿದ ಎರಡು ಸಾಗರದ ನೀರು ಕುಡದೇ ಊರು ಬೆಳೀತು.

ಖರೇ ಊರು ಬೆಳದಂಗ ಖಾಲಿ ಜಾಗಾ ಎಲ್ಲರ ಕಣ್ಣಿಗೂ ಕಾಣಲಿಕ್ಕ ಹತ್ತಿತು. ಹೊಳಿ ದಂಡಿ, ನಾಲಾ, ಕೆರಿ ಅಂಗಳ ಎಲ್ಲಾ ಮನಿ ಆದವು. 2020ರ ಅಕ್ಟೋಬರ್ 13ಕ್ಕ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡ ಹತ್ತಿರ ದಂಡಿ ದಾಟಿ ಹೈದರಾಬಾದಿಗಿ ಬಂತು. ಬೇಗಂಪೇಟದಾಗ ಒಂದು ದಿನಕ್ಕ 19 ಸೆಂಟಿಮೀಟರ್ ಮಳಿ. ಹಳೇ ಊರಿನ ಕಡೆ ಪಲ್ಲೆ ಚೆರುವು, ಗುರ್ರಂ ಚೆರುವು ಕಟ್ಟಿ ಒಡದು ಹಫೀಜ್ ಬಾಬಾ ನಗರದಂಥಾ ವಸ್ತಿಗೋಳು ಮುಳುಗಿದವು. ಚೆರುವು ಅಂದ್ರ ತೆಲುಗಿನಾಗ ಕೆರಿ. 112 ವರ್ಷ ಆದ ಮ್ಯಾಲೂ ಅದೇ ಕಥಿ ನೋಡ್ರಿ, ಸಮುದ್ರದ ಮಳಿ, ತುಂಬಿದ ಕೆರಿ, ಒಡದ ಕಟ್ಟಿ, ಕೆಳಗ ಮಲಗಿದ ಮಂದಿ.

ಅದೇ ವಾಯುಭಾರ ಕುಸಿತ ಮುಂದ ನಮ್ಮ ಕಡೆ ಬಂತು. ಆ ವಾರ ನಮ್ಮ ಭೀಮಾ ಹೊಳಿ ಬಂದಿದ್ದು ನೀವೆಲ್ಲಾ ನೋಡೀರಿ. ಮಳಿ ನೀರಿನ ಮ್ಯಾಲ ಮಹಾರಾಷ್ಟ್ರದ ಉಜನಿ, ವೀರ ಜಲಾಶಯದ ನೀರೂ ಬಂತು. ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿ ಮಂದಿ ದನಾ ಕರಾ ಬಿಟ್ಟು ಕಾಳಜಿ ಕೇಂದ್ರಕ್ಕ ಬಂದರು. ನಮ್ಮ ಗಲ್ಲಿಯವರು ಕೂಡಿ ಕಟಕ ರೊಟ್ಟಿ ಬಡದು, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ದು ನೆನಪದಲ್ಲ? ತೊಗರಿ ಹೊಲ ಪೂರಾ ನೀರಾಗ ನಿಂತಿದ್ದವು.

2025ರ ಸಪ್ಟೆಂಬರ್ ಕಡಿಗಿ ಮತ್ತೊಮ್ಮೆ ಆಯ್ತು. ಮಳಿ ಜೋರಾಗಿ ಎರಡೂ ಸಾಗರದ ಗೇಟ್ ತೆರೆದರು. ನಮ್ಮ ಬಸ್ ಹೋಗಿ ನಿಲ್ಲೋ ಮಹಾತ್ಮಾ ಗಾಂಧಿ ಬಸ್ ಸ್ಟ್ಯಾಂಡಿನಾಗೇ ಮೂಸಿ ನೀರು ಹೊಕ್ಕಿತು, ಮಂದಿ ರಾತ್ರಿಯೆಲ್ಲಾ ಅಲ್ಲೇ ಸಿಕ್ಕಿಬಿದ್ದರು. ಆ ಬಸ್ ಸ್ಟ್ಯಾಂಡ್ ಇರೋದೇ ಹೊಳಿ ನಡುವಿನ ನೆಲದಾಗ. ನಾವು ಎಷ್ಟು ಸಲ ಅಲ್ಲಿ ಇಳದು ಚಾ ಕುಡದೀವಿ, ಹೊಳಿ ಒಳಗ ನಿಂತೀವಿ ಅಂತ ಒಮ್ಮೆನೂ ಅನಿಸಿಲ್ಲ.

ಈ ಇತಿಹಾಸ ನಾನು ಈಗ ಹಿಡಕೊಂಡು ಕುಂತಿದ್ದಕ್ಕ ಕಾರಣ ಅದ. ನಮ್ಮ ತಂಗಿ ಮಗಳು, ಅಳಿಯ ಹೈದರಾಬಾದಿನಾಗ ಪ್ಲಾಟು ನೋಡ್ಲಿಕತ್ತಾರ. ಮೊನ್ನೆ ಫೋನ್ ಮಾಡಿ, “ದೊಡ್ಡವ್ವ, ಒಂದು ಭಾಳ ಸಸ್ತಾ ಸಿಕ್ಕದ, ಮುಂದ ಕೆರಿ ಕಾಣ್ತದ, ತಂಪು ಗಾಳಿ ಬರ್ತದ” ಅಂದ್ಳು. ಅವರು ವರ್ಷಗಟ್ಟಲೆ ಕೂಡಿಟ್ಟ ರೊಕ್ಕ ಅದು, ಇಪ್ಪತ್ತು ವರ್ಷ ಸಾಲ ತೀರಿಸಬೇಕು. ನಾನು ಬ್ಯಾಡ ಅನ್ನಲಿಲ್ಲ. ಮೊದಲು ಎರಡು ಕೆಲಸ ಮಾಡು ಅಂದೆ. ನಿಮ್ಮ ಮಕ್ಕಳಿಗೂ ಅದೇ ಹೇಳ್ರಿ.

ಒಂದು, ಕಾಗದ ನೋಡಬೇಕು. ಕೆರಿ ಪೂರಾ ತುಂಬಿದಾಗ ನೀರು ಎಲ್ಲಿ ತನಕ ನಿಲ್ತದ ಅನ್ನೋ ಗೆರಿಗಿ ಅಲ್ಲಿ ಎಫ್‌ಟಿಎಲ್ ಅಂತಾರ. ಅದರ ಸುತ್ತ ಬಿಡಬೇಕಾದ ಜಾಗಕ್ಕ ಬಫರ್ ಅಂತಾರ. ಪ್ಲಾಟು ಆ ಗೆರಿ ಒಳಗ ಅದನೋ ಹೊರಗ ಅದನೋ ಅಂತ ಸರಕಾರಿ ನಕಾಶಿ ತೆಗಸಿ ನೋಡಬೇಕು. ಬ್ಯಾಸಗಿಯಾಗ ಒಣಗಿದ ನೆಲ ನೋಡಿ ರೊಕ್ಕ ಕೊಡಬಾರದು. ಕೆರಿ ನಾಲ್ಕು ವರ್ಷ ತುಂಬಲಿಲ್ಲ ಅಂದ್ರ ಕೆರಿ ಸತ್ತಿತು ಅಂತಲ್ಲ.

ಎರಡು, ಆ ವಸ್ತಿಯಾಗ ಮೊದಲಿಂದ ಇರೋ ಹಿರೇ ಹೆಣ್ಣಮಗಳನ್ನ ಕೇಳಬೇಕು. ಪ್ಲಾಟು ಮಾರೋ ದಲ್ಲಾಳಿ ಹೇಳೋದಿಲ್ಲ, ಆಕಿ ಹೇಳ್ತಾಳ. ಯಾವ ವರ್ಷ ನೀರು ಬಂತು, ಎಷ್ಟು ಮೆಟ್ಲಾ ಏರಿತು, ಅಕ್ಕಿ ಚೀಲ ಎಲ್ಲಿ ಎತ್ತಿಟ್ಟರು, ಮಕ್ಕಳನ್ನ ಯಾರ ಮಾಳಿಗಿ ಮ್ಯಾಲ ಹತ್ತಿಸಿದರು, ಎಲ್ಲಾ ಆಕಿಗಿ ನೆನಪಿರ್ತದ. ನೀರು ಬಂದು ಹೋದ ಮ್ಯಾಲ ಗೋಡಿ ತೊಳದಾಕಿ ಆಕಿನೇ.

ನಮ್ಮ ಊರಿಗೂ ಈ ಮಾತು ಹತ್ತತದ. ಅಪ್ಪನ ಕೆರಿ ದಂಡಿ ಮ್ಯಾಲ ಸಂಜಿಗಿ ತಿರಗಾಡ್ಲಿಕ್ಕ ಹೋಗ್ತೀವಿ, ನಮ್ಮ ಮನಿ ಮುಂದಿನ ನಾಲಾ ಎಲ್ಲಿಂದ ಬಂದು ಎಲ್ಲಿಗಿ ಹೋಗ್ತದ ಅಂತ ನಮ್ಮಾಗ ಎಷ್ಟು ಮಂದಿಗಿ ಗೊತ್ತದ? ಆ ನಾಲಾದಾಗ ಕಸದ ಚೀಲ ಒಗಿಯೋರನ್ನ ನೋಡಿ ಸುಮ್ಮನ ಒಳಗ ಬರೋದು ಬ್ಯಾಡ. ಆ ಚೀಲ ಮಳಿಗಾಲದಾಗ ಬಾಗಲಕ್ಕ ವಾಪಸ್ ಬರ್ತದ.

ಭೀಮಾ ಹೊಳಿ ದಂಡಿ ಊರಿನವರು ನಮ್ಮಾಗ ಭಾಳ ಮಂದಿ ಇದ್ದೀರಿ. ನಿಮ್ಮ ತವರು ಮನಿಯಾಗ ಹಿರೇರು ಯಾವ ಹೊಳಿ ಕಥಿ ಹೇಳ್ತಿದ್ದರು, ನೀರು ಎಲ್ಲಿ ತನಕ ಬಂದಿತ್ತು ಅಂತ ತೋರಸ್ತಿದ್ದರು, ಅದನ್ನ ಮಕ್ಕಳಿಗಿ ಹೇಳಿ ಇಡ್ರಿ. ಗೋಡಿಗಿ ಒಂದು ಗೆರಿ ಎಳದು ಇಸವಿ ಬರದ್ರೂ ಸಾಕು. ಮುಂದ ಆ ಮನಿಗಿ ಬರೋ ಸೊಸಿಗಿ ಕಾಳಿನ ಡಬ್ಬಿ ಎಷ್ಟು ಎತ್ತರಕ್ಕ ಇಡಬೇಕು ಅನ್ನೋದಾದರೂ ತಿಳೀತದ.